ಎಣ್ಣಿ ಬರವಲ್ದು

ಮೊದಲು ಗೊತ್ತಾಗುವುದು ಕಿವಿಗೆ. ಗಂಗಾವತಿಯಿಂದ ಕಾರಟಗಿಗೆ ಹೋಗುವ ದಾರಿಯ ಮಗ್ಗುಲಲ್ಲಿ ಸೋನಾ ಮಸೂರಿ ಬಾಗಿ ನಿಂತ ಗದ್ದೆ. ನೀವು ಭತ್ತ ಕೊಯ್ಯುವ ಮಷಿನ್ನಿನ ಸೀಟಿನ ಮೇಲಿದ್ದೀರಿ. ಒಂದೇ ಸಮನೆ ಗುಡುಗುತ್ತಿದ್ದ ಎಂಜಿನ್ ಒಮ್ಮೆ ಬಿಕ್ಕುತ್ತದೆ. ಸಾವರಿಸಿಕೊಳ್ಳುತ್ತದೆ. ಮತ್ತೆ ಬಿಕ್ಕುತ್ತದೆ. ಎಕ್ಸಲೇಟರ್ ಎಳೆದರೆ ದನಿ ಏರುವುದಿಲ್ಲ, ಕುಸಿಯುತ್ತದೆ. ಸೊಂಟಕ್ಕೆ, ತೊಡೆಗೆ ಬಡಿಯುತ್ತಿದ್ದ ಅದುರು ಪಾದದ ತನಕ ಇಳಿದು ನಿಂತೇಹೋಗುತ್ತದೆ.

ಈಗ ಗಾಳಿಯ ಸದ್ದು ಕೇಳುತ್ತದೆ, ಅದರಲ್ಲಿ ಮಳೆಯ ವಾಸನೆ. ಏಪ್ರಿಲ್ ಕೊನೆ, ಭರಣಿ ಮಳೆಯ ದಿನಗಳು. ಪಡುವಣದಲ್ಲಿ, ಮುನಿರಾಬಾದಿನ ಕಡೆ, ಮೋಡ ಕಟ್ಟಿದೆ. ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಎರಡನೇ ಬೆಳೆ ಇದು. ಒಂದು ಜೋರು ಮಳೆ, ನಾಲ್ಕು ಆಣಿಕಲ್ಲು ಬಿದ್ದರೆ ತೆನೆ ಕೆಸರಿಗೆ ಮಲಗುತ್ತದೆ. ಸರ್ಕಾರಿ ಖರೀದಿ ಕೇಂದ್ರದಲ್ಲಿ ತೇವಾಂಶ ಶೇ. 17 ದಾಟಿದ ಭತ್ತಕ್ಕೆ ಜಾಗವಿಲ್ಲ. ತೊಯ್ದ ಭತ್ತಕ್ಕೆ ಮಿಲ್ಲಿನವರು ಹೇಳಿದ್ದೇ ರೇಟು.

ಬದುವಿನ ಮೇಲೆ ರೈತ ಓಡಿ ಬರುತ್ತಾನೆ. "ಏನಾತೋ ಅಣ್ಣಾ?"

ನಿಮ್ಮ ಜೊತೆಗಿರುವ ಹುಡುಗ ಉತ್ತರ ಕೊಡುತ್ತಾನೆ. "ಎಣ್ಣಿ ಬರವಲ್ದು ಗೌಡ್ರ."

ಬೆರಳು ತಾನಾಗಿ ಚಾವಿಯತ್ತ ಹೋಗುತ್ತದೆ. ಒಮ್ಮೆ ಮಾತ್ರ ತಿರುಗಿಸಿ, ಕಣ್ಣು ಸೈಲೆನ್ಸರಿನ ಮೇಲಿರಲಿ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಹೋಗುತ್ತಲೇ ಇಲ್ಲ. ಸ್ಟಾರ್ಟರ್ ನರಳುತ್ತದೆ. ಹೊಗೆಯಿಲ್ಲ. ಚಾವಿ ಬಿಡಿ. ಬ್ಯಾಟರಿಯಲ್ಲಿ ಉಳಿದಿರುವುದೆಲ್ಲ ಕೊನೆಗೆ ಬೇಕು. ಅದನ್ನು ಈಗ ಮುಗಿಸಿಬಿಟ್ಟರೆ ಗದ್ದೆಯ ನಡುವೆ ಇಷ್ಟು ಭಾರದ ಮಷಿನ್ನನ್ನು ತಳ್ಳುವವರಿಲ್ಲ.

ಇಳಿಯಿರಿ. ಟ್ಯಾಂಕಿನಿಂದ ಶುರು. ಮುಚ್ಚಳ ತಿರುವುತ್ತೀರಿ. ಗಾಳಿಯಾಡುವ ತೂತು ಧೂಳಿನಿಂದ ಮುಚ್ಚಿದ್ದರೆ ಇಲ್ಲಿ 'ಉಸ್' ಎನ್ನಬೇಕಿತ್ತು, ಅನ್ನುವುದಿಲ್ಲ. ಮೂಗಿಗೆ ಡೀಸೆಲ್ ಹೊಡೆಯುತ್ತದೆ, ಕಡ್ಡಿ ಅದ್ದಿದರೆ ಕಾಲುಭಾಗ ಇದೆ. ಮುಂದಿನದು ಫಿಲ್ಟರಿನ ಅಡಿಯ ಗಾಜಿನ ಬಟ್ಟಲು. ಮೊಬೈಲಿನ ಬೆಳಕು ಹಿಡಿಯಿರಿ: ತಳದಲ್ಲಿ ನೀರು, ಮೇಲೆ ಹಳದಿ ಡೀಸೆಲ್, ನಡುವೆ ಗೆರೆ. ಕ್ಯಾನಿನಲ್ಲಿ ತಂದ ಎಣ್ಣೆಯ ಜೊತೆ ಬಂದದ್ದೋ, ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿ ಬೆವರಿದ್ದೋ. ಕಳ್ಳ ಸಿಕ್ಕ ಅನಿಸುತ್ತದೆ. ಬಟ್ಟಲು ಕಳಚಿ ಚೆಲ್ಲಿ, ಒರೆಸಿ, ಮತ್ತೆ ಕೂರಿಸುತ್ತೀರಿ.

ಬಟ್ಟಲು ಬಿಚ್ಚಿದ ಮೇಲೆ ಗಾಳಿ ಹೊಕ್ಕೇ ಹೊಕ್ಕಿರುತ್ತದೆ, ಅದನ್ನು ತೆಗೆಯಲೇಬೇಕು. ಫಿಲ್ಟರಿನ ತಲೆಯ ಏರ್ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ. ಹುಡುಗ ಫೀಡ್ ಪಂಪಿನ ಕೈಪಂಪು ಒತ್ತುತ್ತಾನೆ. ನೊರೆ. ಇನ್ನೂ ಒತ್ತುತ್ತಾನೆ. ನೊರೆ. ತಣ್ಣನೆಯ ಡೀಸೆಲ್ ನಿಮ್ಮ ಮಣಿಕಟ್ಟಿನಿಂದ ಮೊಣಕೈಗೆ ಇಳಿದು ಭತ್ತದ ಸುಂಕು ಗೀರಿದ ಗಾಯದಲ್ಲಿ ಉರಿಯುತ್ತದೆ. ಗುಡುಗು. ನೊರೆ, ಇನ್ನೂ ನೊರೆ.

"ಸಾಕ್ರೀ, ಚಾವಿ ಕೊಡ್ರಿ! ಹನಿ ಬಿತ್ತು!" ರೈತ ಕೂಗುತ್ತಾನೆ.

ಕೊಡಬೇಡಿ. ಒಳಗೆ ಸಿಕ್ಕಿಕೊಂಡ ಗಾಳಿಗೆ ಲೆಕ್ಕವಿದೆ, ಸ್ವಲ್ಪ ಹೊತ್ತಿಗೆ ಮುಗಿಯುತ್ತದೆ. ಮುಗಿಯದ ಗಾಳಿ ಎಲ್ಲಿಂದಲೋ ಹೊಸದಾಗಿ ಬರುತ್ತಿದೆ. ನೀರು ಸಿಕ್ಕಿತಲ್ಲ ಎಂದು ಅಲ್ಲಿಗೇ ಕೈ ತೊಳೆದುಕೊಳ್ಳುವವರು ಎಡವುವುದು ಇಲ್ಲೇ. ಈ ಮಷಿನ್ನಿನಲ್ಲಿ ಟ್ಯಾಂಕು ಪಂಪಿಗಿಂತ ತಗ್ಗಿನಲ್ಲಿದೆ, ಪಂಪು ಡೀಸೆಲನ್ನು ಹೀರಿ ಎತ್ತಬೇಕು. ಹೀರುವ ಪೈಪು ಸೀಳಿದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲ ಒಣಗಿಯೇ ಇರುತ್ತದೆ.

ಹಾಗಾಗಿ ಕಣ್ಣು ಕೆಲಸಕ್ಕೆ ಬಾರದು. ರಬ್ಬರು ಪೈಪಿನ ಮೇಲೆ ಹೆಬ್ಬೆರಳು ಒತ್ತುತ್ತಾ ಟ್ಯಾಂಕಿನಿಂದ ಪಂಪಿನ ಕಡೆ ಬನ್ನಿ. ಬಿಸಿ ಎಂಜಿನ್ ಮುಂಗೈ ಸುಡುತ್ತದೆ. ಮೆತ್ತಗೆ, ಮೆತ್ತಗೆ, ಮೆತ್ತಗೆ. ಪಂಪಿನ ಕ್ಲಿಪ್ಪಿನ ಪಕ್ಕದಲ್ಲಿ ಗಡುಸು. ಬಗ್ಗಿಸಿದರೆ ಉಗುರಿನಷ್ಟು ಸೀಳು ಬಾಯಿ ಬಿಡುತ್ತದೆ.

ಚಾಕು. ಸೀಳಿದ ತುದಿ ಕತ್ತರಿಸಿ. ಪೈಪು ಎಟುಕುತ್ತದೋ ಇಲ್ಲವೋ? ಎಳೆಯಿರಿ. ಎಟುಕಿತು. ಕ್ಲಿಪ್ಪು ಬಿಗಿ. "ಒತ್ತಲೇ ತಮ್ಮಾ!" ನೊರೆ. ಒತ್ತು. ದೊಡ್ಡ ಗುಳ್ಳೆ. ಒತ್ತು. ಸಣ್ಣ ಗುಳ್ಳೆ. ಗುಳ್ಳೆಯಿಲ್ಲದ ನೇರ ಧಾರೆ. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ನಿಂತ ಮೇಲೆ ಬಿಗಿದರೆ ಗಾಳಿ ಮತ್ತೆ ಒಳಗೆ.

ಇನ್ನು ಇಂಜೆಕ್ಷನ್ ಪಂಪು. ನಮ್ಮ ಕಡೆಯ ಮೇಸ್ತ್ರಿಗಳಿಗೆ ಇದು ಇಂದಿಗೂ ಮೈಕೋ ಪಂಪು, 1951ರಲ್ಲಿ ಹುಟ್ಟಿದ ಬೆಂಗಳೂರಿನ ಮೈಕೋ ಕಂಪನಿ ಬಾಷ್ ಆಗಿ ವರ್ಷಗಳೇ ಕಳೆದರೂ. ಇಂಥ ಹಳೆಯ ಎಂಜಿನ್ನಿನಲ್ಲೂ ನಾಜಲಿನ ತುದಿಯಲ್ಲಿ ಡೀಸೆಲ್ ಸಿಡಿಯುವುದು ವಾತಾವರಣದ ಇನ್ನೂರು ಪಟ್ಟಿನಷ್ಟು ಒತ್ತಡದಲ್ಲಿ. ಬೆರಳು ಅಡ್ಡ ಹಿಡಿದರೆ ಚರ್ಮ ತೂರಿ ಮಾಂಸಕ್ಕೆ ಇಳಿಯುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ, ಒಳಗೆ ಕೈ ಕಳೆದುಕೊಳ್ಳುವ ಅಪಾಯ. ಆಗ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು.

17 ನಂಬರ್ ಪಾನಾದಿಂದ ನಾಜಲ್ ಪೈಪಿನ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ ಹಿಂದೆ ಸರಿಯುತ್ತೀರಿ. ಬೆನ್ನಿನ ಮೇಲೆ ಹನಿಗಳು, ತಣ್ಣಗೆ, ದಪ್ಪಗೆ. ಈಗ ಚಾವಿ. ಎಂಜಿನ್ ಭಾರವಾಗಿ ತಿರುಗುತ್ತದೆ. ನಟ್ಟಿನ ಸಂದಿಯಲ್ಲಿ ಚಿಟಪಟ, ಆಮೇಲೆ ಜಿನುಗು. ನಿಲ್ಲಿಸು! ಒಂದೊಂದೇ ಬಿಗಿಯುತ್ತೀರಿ. ಬ್ಯಾಟರಿ ಸೋತಿದೆ, ಇನ್ನೊಂದೇ ಸಲ ಎಂದು ಅದರ ದನಿಯೇ ಹೇಳುತ್ತಿದೆ. ಚಾವಿ. ಬಿಳಿ ಹೊಗೆ. ಒಂದು ಸಿಲಿಂಡರ್ ಹಿಡಿಯಿತು, ಎರಡು, ಮಷಿನ್ ಗಡಗಡ ನಡುಗಿ ನಾಲ್ಕೂ ಹಿಡಿದವು. ಅದುರು ಪಾದದಿಂದ ಮತ್ತೆ ಸೊಂಟಕ್ಕೆ ಏರುತ್ತದೆ.

ಮಳೆ ಪೂರ್ತಿ ಹಿಡಿಯುವಷ್ಟರಲ್ಲಿ ಬದುವಿನ ಕಡೆಯ ಒಂದು ಪಟ್ಟಿ ಬಿಟ್ಟು ಉಳಿದದ್ದು ಟ್ರಾಲಿ ಸೇರಿ, ತಾಡಪಾಲಿನಡಿ ಇದೆ. ಆ ಪಟ್ಟಿ ಮಲಗಿತು.

ಕೊಯ್ಲಿಗೆ ಹೊರಡುವಾಗ ಟೂಲ್ ಬಾಕ್ಸಿನಲ್ಲಿ ಒಂದು ಮೊಳ ಡೀಸೆಲ್ ಪೈಪು, ನಾಲ್ಕು ಕ್ಲಿಪ್ಪು, ಒಂದು ಹೊಸ ಫಿಲ್ಟರ್ ಹಾಕಿಕೊಳ್ಳಿ. ಸಂಜೆಯೇ ಟ್ಯಾಂಕು ತುಂಬಿಸಿಡಿ, ಬೆಳಿಗ್ಗೆ ಚಾವಿ ತಿರುಗಿಸುವ ಮೊದಲು ಬಟ್ಟಲಿನ ನೀರು ಚೆಲ್ಲಿ.