ಪುಟ ಪೂರ್ತಿ ಕಾಣಬೇಕು

ಕಾಮಿಕ್ಸ್ ಪುಸ್ತಕವನ್ನು ಯಾರೂ ಮೊದಲು ಓದುವುದಿಲ್ಲ, ನೋಡುತ್ತಾರೆ. ಪುಟ ತಿರುವಿದ ಕೂಡಲೇ ಕಣ್ಣು ಇಡೀ ಹಾಳೆಯ ಮೇಲೆ ಒಂದು ಸುತ್ತು ಹಾಕಿ ಬರುತ್ತದೆ. ಹೊಡೆದಾಟ ಎಲ್ಲಿದೆ, ಯಾವ ಚಿತ್ರ ದೊಡ್ಡದು, ಕೆಳಗಿನ ಮೂಲೆಯಲ್ಲಿ ಬಾಯಿ ತೆರೆದು ನಿಂತವನು ಯಾರು, ಇಷ್ಟೂ ಅರೆಗಳಿಗೆಯಲ್ಲಿ ಗೊತ್ತಾಗಿಬಿಡುತ್ತದೆ. ಆಮೇಲೆ ಎಡಗಡೆಯ ಮೇಲ್ತುದಿಗೆ ಬಂದು ಮೊದಲನೆಯ ಚೌಕದಿಂದ ಓದಲು ಶುರುಮಾಡುತ್ತೇವೆ. ಮುಂದೆ ಏನೋ ಕಾದಿದೆ ಎಂದು ಗೊತ್ತಿದ್ದೂ ಒಂದೊಂದೇ ಚೌಕ ದಾಟಿಕೊಂಡು ಅಲ್ಲಿಗೆ ಹೋಗುವ ಸುಖ ಕಾದಂಬರಿಯಲ್ಲಿಲ್ಲ, ಸಿನಿಮಾದಲ್ಲೂ ಇಲ್ಲ. ಕಾದಂಬರಿಯ ಪುಟವನ್ನು ದೂರದಿಂದ ನೋಡಿದರೆ ಕಾಣುವುದು ಬರೀ ಸಾಲು. ಸಿನಿಮಾ ತನ್ನ ಮುಂದಿನ ದೃಶ್ಯವನ್ನು ಮೊದಲೇ ಬಿಟ್ಟುಕೊಡುವುದಿಲ್ಲ.

ಅಕ್ಕನ ಮಗ ಮೊಬೈಲಿನಲ್ಲಿ ಶಿಕಾರಿ ಶಂಭುವಿನ ಕಥೆ ಓದುತ್ತಿದ್ದ. ನಾನೂ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಇಡೀ ಪುಟ ಪರದೆಗೆ ಹಿಡಿಸಿದಾಗ ಅಕ್ಷರ ಸಾಸಿವೆಯಷ್ಟು. ಅವನು ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸಿದ. ಶಂಭುವಿನ ಟೋಪಿ ದೊಡ್ಡದಾಗಿ ಕಂಡಿತು, ಮಾತೂ ಓದಲು ಬಂತು, ಆದರೆ ಹಿಂದೆ ಪೊದೆಯಲ್ಲಿ ನಿಂತಿದ್ದ ಹುಲಿ ಪರದೆಯಿಂದ ಆಚೆ ಹೋಯಿತು. ಶಂಭುವಿನ ಟೋಪಿ ಯಾವಾಗಲೂ ಅವನ ಕಣ್ಣನ್ನು ಮುಚ್ಚಿಯೇ ಇರುತ್ತದೆ. ಅವನಿಗೆ ಕಾಣದ ಹುಲಿ ನಮಗೆ ಕಾಣುತ್ತಿದೆ ಎಂಬುದರಲ್ಲೇ ಆ ಕಥೆಯ ನಗು ಇರುವುದು. ಹುಲಿ ಇಲ್ಲದ ಶಂಭು ಕಾಡಿನಲ್ಲಿ ಸುಮ್ಮನೆ ನಡೆದುಹೋಗುವ ಒಬ್ಬ ಮನುಷ್ಯ, ಅಷ್ಟೆ. "ಇದರಲ್ಲಿ ನಗೋಕೆ ಏನಿದೆ ಮಾಮಾ?" ಎಂದು ಹುಡುಗ ಕೇಳಿದ. ಅದೇ ಕಥೆಯನ್ನು ಕಾಗದದ ಮೇಲೆ ಕೊಟ್ಟಾಗ ನಾನು ಬಾಯಿ ಬಿಡುವ ಮೊದಲೇ ಅವನು ನಗುತ್ತಿದ್ದ.

ಈ ಕಷ್ಟಕ್ಕೆ ಆ್ಯಪ್ ಮಾಡುವವರು ಬಹಳ ಹಿಂದೆಯೇ ಒಂದು ದಾರಿ ಹುಡುಕಿದರು. ಅಮೆರಿಕದಲ್ಲಿ 2007ರಲ್ಲಿ ಶುರುವಾದ ಕಾಮಿಕ್ಸಾಲಜಿ ಎಂಬ ಕಂಪನಿ 'ಗೈಡೆಡ್ ವ್ಯೂ' ಎನ್ನುವ ವ್ಯವಸ್ಥೆ ತಂದಿತು. ಬೆರಳು ಮುಟ್ಟಿಸಿದರೆ ಒಂದು ಚೌಕ ಪರದೆ ತುಂಬ ಬರುತ್ತದೆ, ಇನ್ನೊಮ್ಮೆ ಮುಟ್ಟಿಸಿದರೆ ಮುಂದಿನದು. ಬಸ್ಸಿನಲ್ಲಿ ನಿಂತು ಒಂದು ಕೈಯಲ್ಲಿ ಕಂಬಿ ಹಿಡಿದವರಿಗೆ ಇದರಷ್ಟು ಅನುಕೂಲ ಬೇರೆ ಇಲ್ಲ. ಅಕ್ಷರ ಸ್ಪಷ್ಟ, ಚಿತ್ರ ಸ್ಪಷ್ಟ, ಓದುವ ವರಸೆ ತಪ್ಪುವ ಭಯವಿಲ್ಲ. ಆದರೆ ಎಷ್ಟು ಹೊತ್ತು ಎಲ್ಲಿ ನಿಲ್ಲಬೇಕು, ಯಾವಾಗ ಹಿಂದಿನ ಚೌಕಕ್ಕೆ ಕಣ್ಣು ಹಾಯಿಸಬೇಕು ಎಂಬ ಸ್ವಾತಂತ್ರ್ಯ ಓದುಗನ ಕೈತಪ್ಪಿ ಹೋಗುತ್ತದೆ. ಎಲ್ಲ ಚೌಕವೂ ಪರದೆಯ ಅಳತೆಗೇ ಬಂದು ಕೂರುವುದರಿಂದ ದೊಡ್ಡ ಚಿತ್ರ, ಸಣ್ಣ ಚಿತ್ರ ಎಂಬ ಭೇದವೇ ಅಳಿಸಿಹೋಗುತ್ತದೆ. ಯುದ್ಧಭೂಮಿಗೆ ಅರ್ಧ ಪುಟ ಕೊಟ್ಟು, ಉಂಗುರದ ಬೆರಳಿಗೆ ಹೆಬ್ಬೆಟ್ಟಿನಷ್ಟು ಜಾಗ ಕೊಟ್ಟಿದ್ದ ಕಲಾವಿದನ ಲೆಕ್ಕಾಚಾರವೆಲ್ಲ ಅಲ್ಲಿಗೆ ಮುಗಿಯಿತು.

ಆ ಲೆಕ್ಕಾಚಾರ ಎಷ್ಟು ಸೂಕ್ಷ್ಮವಾಗಿರಬಲ್ಲದು ಎಂಬುದಕ್ಕೆ ನಾನು ಯಾವಾಗಲೂ 'ವಾಚ್‌ಮೆನ್' ತೆಗೆದು ತೋರಿಸುತ್ತೇನೆ. ಅಲನ್ ಮೂರ್ ಕಥೆ, ಡೇವ್ ಗಿಬನ್ಸ್ ಚಿತ್ರ. 1986-87ರಲ್ಲಿ ಹನ್ನೆರಡು ಸಂಚಿಕೆಗಳಾಗಿ ಬಂದದ್ದು. ಅದರ ಬಹುಪಾಲು ಪುಟಗಳು ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಚೌಕಗಳ ಚೌಕಟ್ಟಿನ ಮೇಲೆ ನಿಂತಿವೆ. ಐದನೆಯ ಸಂಚಿಕೆಯಲ್ಲಿ ಇಬ್ಬರೂ ಸೇರಿ ಒಂದು ಸಾಹಸ ಮಾಡಿದ್ದಾರೆ: ಮೊದಲ ಪುಟದ ವಿನ್ಯಾಸಕ್ಕೆ ಕೊನೆಯ ಪುಟ ಕನ್ನಡಿ ಹಿಡಿಯುತ್ತದೆ, ಎರಡನೆಯದಕ್ಕೆ ಕೊನೆಯಿಂದ ಎರಡನೆಯದು, ಹೀಗೆ ಎರಡೂ ತುದಿಯಿಂದ ಒಳಗೆ ಬರುತ್ತ ಬರುತ್ತ ನಟ್ಟನಡುವಿನ ಎದುರುಬದುರು ಪುಟಗಳಲ್ಲಿ ಎರಡೂ ಕಡೆ ಕೂಡಿಕೊಳ್ಳುತ್ತವೆ. ಪಿನ್ನು ಹೊಡೆದ ಜಾಗದಲ್ಲಿ ಪುಸ್ತಕ ಅಗಲವಾಗಿ ತೆರೆದಿಟ್ಟರೆ ಮಾತ್ರ ಅದು ಕಾಣುವುದು. ನಾನು ಬಲಗೈಯಲ್ಲಿ ಒಂದು ಹಾಳೆ, ಎಡಗೈಯಲ್ಲಿ ಒಂದು ಹಾಳೆ ಹಿಡಿದು ಜೋಡಿಗಳನ್ನು ಒಂದೊಂದಾಗಿ ಹುಡುಕಿಕೊಂಡು ಹೋದದ್ದುಂಟು. ಒಂದೊಂದೇ ಚೌಕ ತೋರಿಸುವ ಪರದೆಯಲ್ಲಿ ಕಥೆ ಪೂರ್ತಿ ಓದಿ ಮುಗಿಸಬಹುದು, ಆದರೆ ಇಂಥದೊಂದು ಒಳಗಿದೆ ಎಂಬ ಗುಮಾನಿಯೂ ಬರುವುದಿಲ್ಲ.

ಪುಟ ತಿರುವುವ ಕ್ಷಣಕ್ಕೂ ಕಾಮಿಕ್ಸಿನಲ್ಲಿ ಬೆಲೆಯಿದೆ. ಬೆಲ್ಜಿಯಂನ ಎರ್ಜೆ 1929ರ ಜನವರಿಯಲ್ಲಿ ಟಿನ್‌ಟಿನ್ ಶುರುಮಾಡಿದ್ದು ಮಕ್ಕಳ ವಾರದ ಪುರವಣಿಯೊಂದರಲ್ಲಿ, ವಾರಕ್ಕೆ ಎರಡು ಪುಟದಂತೆ. ಮುಂದಿನ ವಾರದವರೆಗೆ ಹುಡುಗರನ್ನು ಕಾಯಿಸಬೇಕಾದರೆ ಕೊನೆಯ ಚೌಕದಲ್ಲಿ ಏನಾದರೂ ಆಗಲೇಬೇಕು: ಬಾಗಿಲು ಕಿರ್ರೆನ್ನಬೇಕು, ಬೆನ್ನ ಹಿಂದೆ ನೆರಳು ಬೀಳಬೇಕು. ಆ ಕಥೆಗಳು ಪುಸ್ತಕವಾದ ಮೇಲೂ ಪುಟದ ಕೊನೆಗೆ ಕುತೂಹಲ ಕಟ್ಟುವ ರೂಢಿ ಉಳಿಯಿತು. ಬಲಪುಟದ ಕೊನೆಯ ಚೌಕ ಪ್ರಶ್ನೆ ಕೇಳುತ್ತದೆ, ಹಾಳೆಯ ಬೆನ್ನಿನಲ್ಲಿ ಉತ್ತರ ಅಡಗಿರುತ್ತದೆ. ನಡುವೆ ಇರುವುದು ನಮ್ಮದೇ ಬೆರಳು. ಪರದೆಯ ಮೇಲೆ ಪ್ರತಿ ಚೌಕದ ಆಚೆಗೂ ಬೆರಳು ಆಡಿಸಬೇಕಾದಾಗ ಯಾವ ತಿರುವಿಗೂ ವಿಶೇಷವಿಲ್ಲ.

ಬಣ್ಣದ ಮಾತು ಬೇರೆಯೇ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಕೈಗೆತ್ತಿಕೊಂಡ ಅಮರ ಚಿತ್ರ ಕಥೆ ಮಾಲಿಕೆಯ ಮೊದಮೊದಲ ಪುಸ್ತಕಗಳಿಗೆ ಪೂರ್ತಿ ಬಣ್ಣದ ಭಾಗ್ಯ ಇರಲಿಲ್ಲ. ದುಡ್ಡು ಸಾಲದೆ ಹಳದಿ, ನೀಲಿ, ಹಸಿರಿನಲ್ಲೇ ತೂಗಿಸಿಕೊಂಡು ಹೋಗಬೇಕಿತ್ತು. ರಾಮ್ ವಾಯೀರ್ಕರ್ ಚಿತ್ರ ಬರೆದ 'ಕೃಷ್ಣ' ಬಂದದ್ದು ಆ ಕಾಲದಲ್ಲೇ. ಆಮೇಲೆ ನಾಲ್ಕು ಬಣ್ಣದ ಮುದ್ರಣ ಬಂತು. ಹಳೆಯ ಪ್ರತಿಯೊಂದನ್ನು ಭೂತಗನ್ನಡಿಯಲ್ಲಿ ನೋಡಿ: ಕೆನ್ನೆಯ ಬಣ್ಣ ಎಂದುಕೊಂಡದ್ದು ಕೆಂಪು, ಹಳದಿ ಚುಕ್ಕಿಗಳ ಸಂತೆ. ಒಂದು ಅಚ್ಚು ಕೂದಲೆಳೆಯಷ್ಟು ಸರಿದಿದ್ದರೂ ರಾಜಕುಮಾರಿಯ ತುಟಿಯ ಕೆಂಪು ತುಟಿಯ ಗೆರೆ ದಾಟಿ ಗಲ್ಲಕ್ಕೆ ಇಳಿದಿರುತ್ತದೆ. ಅಗ್ಗದ ಕಾಗದ ಶಾಯಿಯನ್ನು ಹೀರಿಕೊಂಡು ಮಂಕು ಮಾಡುತ್ತದೆ ಎಂದು ಬಣ್ಣ ಹಾಕುವವರಿಗೆ ಗೊತ್ತಿತ್ತು. ಅದಕ್ಕೇ ಗಾಢ ಬಣ್ಣ ಬಳಿಯುತ್ತಿದ್ದರು. ಅದೇ ಬಣ್ಣವನ್ನು ಹಿಂದಿನಿಂದ ಬೆಳಕು ಚೆಲ್ಲುವ ಗಾಜಿನ ಮೇಲೆ ಹಾಗೆಯೇ ಇಟ್ಟರೆ ಕಣ್ಣಿಗೆ ಚುಚ್ಚುತ್ತದೆ. ಕಾಗದದ ಆಕಾಶ ತಣ್ಣಗಿರುತ್ತದೆ, ಪರದೆಯ ಆಕಾಶ ಉರಿಯುತ್ತದೆ. ಹಳೆಯ ಕಥೆಗಳನ್ನು ಪರದೆಗೆ ತರುವವರು ಬಣ್ಣವನ್ನು ಹೊಸದಾಗಿ ತೂಗಿ ಹಾಕುವ ತಾಳ್ಮೆ ತೋರಿಸಬೇಕು ಎನ್ನುವುದು ನನ್ನ ಬಲವಾದ ಆಸೆ.

ಕನ್ನಡದ ಓದುಗನಿಗೆ ಇನ್ನೊಂದು ತೊಡಕು ಉಂಟು. ನಾವು ಓದಿದ ಕಾಮಿಕ್ಸಿನ ದೊಡ್ಡ ಪಾಲು ಬೇರೆ ಭಾಷೆಗೆಂದು ಬರೆದ ಚಿತ್ರ. ಇಂಗ್ಲಿಷಿನವರು ಮಾತನ್ನೆಲ್ಲ ದೊಡ್ಡಕ್ಷರಗಳಲ್ಲಿ ಬರೆಯುತ್ತಿದ್ದರು. ಅವಕ್ಕೆ ಮೇಲೆ ಗುಡಿಸಿಲ್ಲ, ಕೆಳಗೆ ಒತ್ತಿಲ್ಲ. ಇಟ್ಟಿಗೆ ಪೇರಿಸಿದ ಹಾಗೆ ಸಾಲಿನ ಮೇಲೆ ಸಾಲು ಕೂರುತ್ತದೆ. ಅದೇ ಮಾತಿನ ಗುಳ್ಳೆಯೊಳಗೆ 'ರಾಷ್ಟ್ರ', 'ಸ್ತ್ರೀ', 'ಅಸ್ತ್ರ' ತುಂಬಿಸಿ ನೋಡಿ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು, ಆ ಒತ್ತಿಗೆ ಕೆಳಗಿನ ಸಾಲಿನ ಗುಡಿಸು ತಗುಲಬಾರದು, ಮಾತುಗಳಂತೂ ಉದ್ದ. ನಾಲ್ಕು ಸಾಲಿನ ಇಂಗ್ಲಿಷ್ ಗುಳ್ಳೆಯಲ್ಲಿ ಕನ್ನಡದ ಮೂರು ಸಾಲು ಕೂರಿಸುವುದೇ ಕಷ್ಟ. ಹಾಗಾಗಿ ಅಕ್ಷರ ಕುಗ್ಗಿಸುತ್ತಾರೆ, ಇಲ್ಲವೇ ಮಾತು ಕತ್ತರಿಸುತ್ತಾರೆ. ಕುಗ್ಗಿಸಿದ ಒತ್ತಕ್ಷರ ಅಗ್ಗದ ಕಾಗದದ ಮೇಲೆ ಶಾಯಿ ಹರಡಿ ಕಪ್ಪು ಚುಕ್ಕೆಯಾಗುತ್ತಿತ್ತು. ತ ಒತ್ತೋ ನ ಒತ್ತೋ ಎಂದು ಊಹೆಯ ಮೇಲೆ ಓದುತ್ತಿದ್ದೆವು. ಇಲ್ಲಿ ಮಾತ್ರ ಪರದೆಗೆ ನಾನು ಮನಸಾರೆ ನಮಸ್ಕಾರ ಹೇಳುತ್ತೇನೆ. ಹಿಗ್ಗಿಸಿದಷ್ಟೂ ಒತ್ತು ನಿಚ್ಚಳ. ಕನ್ನಡಕ ಹಾಕಿಕೊಂಡೂ ಕಷ್ಟಪಡುವ ಹಿರಿಯರು ಟ್ಯಾಬಿನಲ್ಲಿ ತಮ್ಮ ಬಾಲ್ಯದ ಕಥೆಯನ್ನು ಸಲೀಸಾಗಿ ಓದುವುದನ್ನು ಕಂಡಿದ್ದೇನೆ.

ಮತ್ತೆ, ಪರದೆ ಇಲ್ಲದಿದ್ದರೆ ಎಷ್ಟೋ ಪುಸ್ತಕ ನಮಗೆ ಉಳಿಯುತ್ತಲೇ ಇರಲಿಲ್ಲ. 1964ರಲ್ಲಿ ಫ್ಯಾಂಟಮ್ ಕಥೆಗಳೊಂದಿಗೆ ಶುರುವಾದ ಇಂದ್ರಜಾಲ ಕಾಮಿಕ್ಸ್ 1990ರಲ್ಲಿ ನಿಂತಿತು. ಕನ್ನಡದಲ್ಲಿ 1948ರಿಂದ ಬಂದ ಚಂದಮಾಮ ಕಾಮಿಕ್ಸ್ ಅಲ್ಲ, ಆದರೆ ಚಿತ್ರ ನೋಡುವುದನ್ನು ನಮಗೆ ಕಲಿಸಿದ್ದೇ ಅದು. ಅದೂ ಈಗ ಇಲ್ಲ. ಇವು ಮನೆಮನೆಯಲ್ಲೂ ಇದ್ದವು, ಆಮೇಲೆ ಹಳೇ ಪೇಪರ್ ಅಂಗಡಿಯ ತಕ್ಕಡಿ ಏರಿದವು. ಹಾಳೆ ಹಳದಿಯಾಗಿ, ಪಿನ್ನು ತುಕ್ಕು ಹಿಡಿದು, ಮುಟ್ಟಿದರೆ ಪುಡಿಯಾಗುವ ಪ್ರತಿಗಳನ್ನು ಅಭಿಮಾನಿಗಳು ಒಂದೊಂದಾಗಿ ಸ್ಕ್ಯಾನ್ ಮಾಡಿ ಇಟ್ಟಿದ್ದರಿಂದ ಊರು ಬಿಟ್ಟು ದೂರ ಹೋದವರೂ ಅವನ್ನು ಇವತ್ತು ನೋಡಬಹುದು. ವಿನ್ಸರ್ ಮೆಕೇ 1905ರಲ್ಲಿ ನ್ಯೂಯಾರ್ಕಿನ ದಿನಪತ್ರಿಕೆಗೆ ಶುರುಮಾಡಿದ 'ಲಿಟ್ಲ್ ನೀಮೊ' ಪತ್ರಿಕೆಯ ಇಡೀ ಪುಟದಷ್ಟು ದೊಡ್ಡದು. ಅದನ್ನು ಮೂಲದ ಅಳತೆಯಲ್ಲೇ ಮರುಮುದ್ರಿಸಿ 2005ರಲ್ಲಿ ತಂದ ಪುಸ್ತಕ 16 ಇಂಚು ಅಗಲ, 21 ಇಂಚು ಎತ್ತರ. ಅಂಥದನ್ನು ಕೊಳ್ಳಲು ದುಡ್ಡೂ ಬೇಕು, ಇಡಲು ಕಪಾಟೂ ಬೇಕು. ದೊಡ್ಡ ಪರದೆಯಲ್ಲಿ ಮೊದಲು ಪೂರ್ತಿ ಪುಟ ನೋಡಿ ಆಮೇಲೆ ಚಿತ್ರದ ಒಂದೊಂದು ಸಣ್ಣ ವಿವರದವರೆಗೆ ಹಿಗ್ಗಿಸಿಕೊಂಡು ಹೋಗುವುದು ಕುಗ್ಗಿಸಿ ಮುದ್ರಿಸಿದ ಪುಸ್ತಕಕ್ಕಿಂತ ಎಷ್ಟೋ ವಾಸಿ.

ಒಂದು ಮಾತು ಮಾತ್ರ ನೆನಪಿರಲಿ. ಆನ್‌ಲೈನ್ ಅಂಗಡಿಗಳಲ್ಲಿ ಕೊಂಡ ಕಾಮಿಕ್ಸ್ ಬಹುಪಾಲು ನಮ್ಮ ಸ್ವಂತದ್ದಲ್ಲ, ಓದಲು ಸಿಕ್ಕ ಪರವಾನಗಿ. ಕಾಮಿಕ್ಸಾಲಜಿಯನ್ನು 2014ರಲ್ಲಿ ಅಮೆಜಾನ್ ಕೊಂಡಿತು; ಅದರ ಪ್ರತ್ಯೇಕ ಆ್ಯಪ್ 2023ರ ಕೊನೆಗೆ ಮುಚ್ಚಿ ಕಿಂಡಲ್‌ನಲ್ಲಿ ಸೇರಿಹೋಯಿತು. ಕಾಗದದ ಪುಸ್ತಕವನ್ನಾದರೆ ಪಕ್ಕದ ಮನೆಯ ಹುಡುಗನಿಗೆ ಕೊಟ್ಟು ಅವನದನ್ನು ಇಸಿದುಕೊಳ್ಳಬಹುದು. ಕಾಮಿಕ್ಸ್ ಊರೂರಿಗೆ ಹಬ್ಬಿದ್ದೇ ಈ ಕೊಟ್ಟುತೆಗೆದುಕೊಳ್ಳುವಿಕೆಯಿಂದ.

ಹಾಗೆಂದು ಪರದೆಯನ್ನು ಪುಟದ ಶತ್ರು ಎಂದು ನಾನು ಎಣಿಸುವುದಿಲ್ಲ. ಪರದೆಗೆಂದೇ ಹುಟ್ಟಿದ ಕಾಮಿಕ್ಸೂ ಇದೆ. ದಕ್ಷಿಣ ಕೊರಿಯಾದಲ್ಲಿ 2003ರಲ್ಲಿ ಡಾವುಮ್, ಮರುವರ್ಷ ನೇವರ್ ಎಂಬ ಜಾಲತಾಣಗಳು ವೆಬ್‌ಟೂನ್ ಶುರುಮಾಡಿದವು. ಅಲ್ಲಿ ಪುಟವೇ ಇಲ್ಲ. ಕಥೆ ಮೇಲಿನಿಂದ ಕೆಳಕ್ಕೆ ಒಂದೇ ಪಟ್ಟಿಯಾಗಿ ಇಳಿಯುತ್ತದೆ. ಒಬ್ಬ ಹುಡುಗಿ ಮಹಡಿಯಿಂದ ಕೆಳಗೆ ನೋಡುತ್ತಾಳೆ, ಆಮೇಲೆ ಬರೀ ಖಾಲಿ. ಹೆಬ್ಬೆರಳು ಸರಿಸಿದಷ್ಟೂ ಖಾಲಿ. ಬಹಳ ಹೊತ್ತಿನ ಮೇಲೆ ಕೆಳಗೆ ನಿಂತ ಅಪ್ಪನ ಸಣ್ಣ ಆಕೃತಿ ಸಿಗುತ್ತದೆ. ಆ ಎತ್ತರವನ್ನು ಹೆಬ್ಬೆರಳು ತಾನೇ ಇಳಿದು ಅಳೆದಿರುತ್ತದೆ. ಇದನ್ನು ಪುಸ್ತಕ ಮಾಡಬೇಕೆಂದರೆ ಪಟ್ಟಿಯನ್ನು ತುಂಡರಿಸಿ ಪುಟಕ್ಕೆ ಜೋಡಿಸಬೇಕು, ಆಗ ಖಾಲಿಯೆಲ್ಲ ಮಾಯವಾಗುತ್ತದೆ. 'ವಾಚ್‌ಮೆನ್'ಗೆ ಮೊಬೈಲಿನಲ್ಲಿ ಆಗುವ ನಷ್ಟವೇ ವೆಬ್‌ಟೂನಿಗೆ ಕಾಗದದ ಮೇಲೆ ಆಗುತ್ತದೆ. ಯಾವ ಅಳತೆಗೆಂದು ಚಿತ್ರ ಬರೆದರೋ ಆ ಅಳತೆಯಲ್ಲೇ ಓದಿದರೆ ಎರಡೂ ಚೆನ್ನ.

ವೆಬ್‌ಟೂನ್ ನೋಡುವಾಗೆಲ್ಲ ನನಗೆ ಕನ್ನಡದ ಒತ್ತಕ್ಷರವೇ ಕಣ್ಣಮುಂದೆ ಬರುತ್ತದೆ. ಈ ಇಳಿಯುವ ಪಟ್ಟಿಯಲ್ಲಿ ಮಾತಿನ ಗುಳ್ಳೆಯನ್ನು ಚಿತ್ರದೊಳಗೆ ತುರುಕಬೇಕಾಗಿಲ್ಲ. ಎರಡು ಚಿತ್ರದ ನಡುವಿನ ಬಯಲಲ್ಲಿ ಅದನ್ನು ತೂಗುಬಿಡಬಹುದು, ಬೇಕಾದಷ್ಟು ಎತ್ತರಕ್ಕೆ ಎಳೆಯಬಹುದು. ಸಾಲಿನ ಕೆಳಗೆ ಒತ್ತಿಗೆ ಜಾಗ, ಸಾಲಿನ ಮೇಲೆ ಗುಡಿಸಿಗೆ ಜಾಗ. ಧಾರವಾಡದ ಅಜ್ಜಿ ಧಾರವಾಡದ ಮಾತನ್ನೇ, ಕುಂದಾಪುರದ ಮೀನುಗಾರ ತನ್ನ ಮಾತನ್ನೇ ಕತ್ತರಿಯಿಲ್ಲದೆ ಪೂರ್ತಿ ಆಡಬಹುದು. ಅಂಥದನ್ನು ಬರೆಯಲು ಕೂತ ಕನ್ನಡದ ಕಲಾವಿದ ಮೊದಲು ಮಾಡಬೇಕಾದ ಕೆಲಸ ಸಣ್ಣದು: ಮಾತನ್ನು ಕನ್ನಡದಲ್ಲಿ ಬರೆದುಕೊಂಡು, ಗುಳ್ಳೆಯ ಗೆರೆಯನ್ನು ಆಮೇಲೆ ಎಳೆಯುವುದು.