ಉಳಿದ ಗೆರೆ

ಚಿತ್ರಶಾಲೆಯ ಗೋಡೆಯ ಮೇಲೊಂದು ಕಾಗದ. ಅದರ ಮೇಲೆ ಅಂಕುಡೊಂಕಾಗಿ ಇಳಿದ ಒಂದು ಕಪ್ಪು ಗೆರೆ. ಮನುಷ್ಯನಿಲ್ಲ, ಮರವಿಲ್ಲ, ಬಣ್ಣದ ಮಾತಂತೂ ಇಲ್ಲವೇ ಇಲ್ಲ. ನೋಡಬಂದ ಗೃಹಸ್ಥನೊಬ್ಬ, “ಇಷ್ಟನ್ನು ನಮ್ಮ ಮನೆಯ ಹುಡುಗನೂ ಎಳೆದಾನು!” ಎಂದು ಮುಂದೆ ಸಾಗಿದರೆ ಅವನ ಮೇಲೆ ಕೋಪಿಸಿಕೊಳ್ಳಬೇಕಾದುದಿಲ್ಲ. ಆದರೆ ಆ ಗೆರೆಯನ್ನು ಯಾರೂ ಎಳೆದೇ ಇಲ್ಲ ಎಂಬುದು ಅಲ್ಲಿಯ ಸ್ವಾರಸ್ಯ.

ಅದು ಜರೀನಾ ಹಾಶ್ಮಿಯವರು 2001ರಲ್ಲಿ ರಚಿಸಿದ ‘ಡಿವೈಡಿಂಗ್ ಲೈನ್’, ಎಂದರೆ ವಿಭಜನರೇಖೆ, ಭಾರತ-ಪಾಕಿಸ್ತಾನಗಳ ಗಡಿ. ಲೇಖನಿ ಹಿಡಿದವನು ಕಾಗದಕ್ಕೆ ಏನನ್ನೋ ಸೇರಿಸುತ್ತಾನೆ. ಮರದಚ್ಚಿನ ಮಾರ್ಗ ಬೇರೆ. ಹಲಗೆಯಲ್ಲಿ ಉಳಿಯಿಂದ ಕೆತ್ತಿ ತೆಗೆದೆಡೆಗೆ ಮಸಿ ತಗಲದು. ಕೆತ್ತದೆ ಬಿಟ್ಟದ್ದೇ ಕಪ್ಪಾಗಿ ಮೂಡುವುದು. ಗೆರೆಯೊಂದು ನಿಲ್ಲಬೇಕಾದರೆ ಅದರ ಇಕ್ಕೆಲದ ನೆಲವನ್ನೆಲ್ಲ ಗೀರಿ ಗೀರಿ ತೆಗೆಯಬೇಕು. ಉಳಿಯ ಬಾಯಿಗೆ ಪೂರ್ತಿ ಸಿಕ್ಕದ ಚೂರುಪಾರು ಮರವೂ ಮಸಿ ಹಿಡಿದು, ಗೆರೆಯ ಎರಡು ಪಕ್ಕದಲ್ಲೂ ಚದುರಿದ ಗೀರುಗಳಾಗಿ ಉಳಿದಿದೆ. ಹಲಗೆಯಲ್ಲಿ ಎಡ ಬಲಗಳು ಅದಲುಬದಲಾಗುವುದರಿಂದ, ಕೆತ್ತುವಾಗ ಆಕೆಯ ಕಣ್ಣೆದುರಿಗಿದ್ದುದು ತಿರುಗುಮುರುಗಾದ ದೇಶ!

ನಿಜವಾದ ಗಡಿಯನ್ನು ಗೊತ್ತುಮಾಡಿದ ಸಿರಿಲ್ ರ‍್ಯಾಡ್‌ಕ್ಲಿಫ್ ಇಂಗ್ಲೆಂಡಿನ ನ್ಯಾಯವಾದಿ. ಆತ 1947ರ ಜುಲೈ 8ರಂದು ಬಂದಿಳಿಯುವ ಮುನ್ನ ಈ ದೇಶವನ್ನು ಕಂಡವನೇ ಅಲ್ಲ. ಐದೇ ವಾರಗಳಲ್ಲಿ ಕೆಲಸ ಮುಗಿಯಿತು. ಆಗಸ್ಟ್ 17ರಂದು ತೀರ್ಪು ಪ್ರಕಟವಾಯಿತು. ಅವನ ಗೆರೆಗೆ ಉಳಿಯ ಶ್ರಮ ಬೇಕಾಗಲಿಲ್ಲ.

ಆಗ ಜರೀನಾ ಹತ್ತು ವರ್ಷದ ಬಾಲಿಕೆ. ತಂದೆ ಅಲಿಗಢದ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಅಧ್ಯಾಪಕರು. ಮಗಳು ಅಲ್ಲಿಯೇ ಗಣಿತದಲ್ಲಿ ಪದವಿ ಪಡೆದರು. ಆ ಗಣಿತ ಮುಂದೆ ಆಕೆಯ ಕೈಯನ್ನು ಬಿಟ್ಟುಹೋಗಲಿಲ್ಲ. ಪತಿಯ ರಾಯಭಾರಿ ವೃತ್ತಿಯ ದೆಸೆಯಿಂದ ಊರೂರು ಅಲೆದಾಟ. ಪ್ಯಾರಿಸ್ಸಿನಲ್ಲಿ ಹೇಟರ್ ಅವರ ಬಳಿ ಲೋಹದ ತಗಡಿನ ಕೆತ್ತನೆ, 1974ರಲ್ಲಿ ಟೋಕಿಯೊದಲ್ಲಿ ಮರದಚ್ಚು, ಕೊನೆಗೆ ನ್ಯೂಯಾರ್ಕಿನ ವಾಸ. ಇತ್ತ ತವರಿನವರು ಕರಾಚಿಗೆ ಹೊರಟುಹೋಗಿದ್ದರು. ಅಲಿಗಢದಲ್ಲಿ ಹೋಗಿ ಇಳಿಯಲು ಮನೆಯೆಂಬುದೇ ಉಳಿಯಲಿಲ್ಲ.

ಉಳಿದದ್ದು ಕಾಗದ. ಅದನ್ನು ಆಕೆ ಬರಿಯ ಹಾಸಾಗಿ ಬಗೆದವರಲ್ಲ. ಕೈಯಿಂದ ತಯಾರಿಸಿದ ಕಾಗದದ ನಾರು, ಒರಟು, ಮಾಸಲು ಹೊಳಪು ಇವೆಲ್ಲ ಚಿತ್ರದ ಪಾಲುಗಾರರೇ. ಒಂದು ಕಾಲಕ್ಕೆ ಮಸಿಯ ಹಂಗನ್ನೂ ತೊರೆದು, ಸೂಜಿಯಿಂದ ಕಾಗದವನ್ನು ಚುಚ್ಚಿ ಚುಚ್ಚಿಯೇ ಚಿತ್ರ ಮಾಡಿದ್ದುಂಟು. ಹಪ್ಪಳಕ್ಕೆ ಚುಚ್ಚಿದಂತೆ ಎಂದು ನಗುವವರು ನಗಲಿ! ಕಾಗದವೆಂದರೆ ಗಾಯವಾಗಬಲ್ಲ ಚರ್ಮ ಎಂಬುದು ಆ ತೂತುಗಳನ್ನು ಕಂಡವರಿಗೆ ತಿಳಿಯುತ್ತದೆ. 1999ರ 36 ಮರದಚ್ಚುಗಳ ಮಾಲಿಕೆಯಲ್ಲಿ ‘ಘರ್’ ಎಂಬ ಉರ್ದು ಮಾತಿಗೆ ಆಕೆ ಕೊಟ್ಟ ರೂಪ ಸೂರಿನದೂ ಅಲ್ಲ, ಬಾಗಿಲಿನದೂ ಅಲ್ಲ. ಅಲಿಗಢದ ಆ ಮನೆಯ ನೆಲದ ನಕ್ಷೆ.

ಸೋದರಿ ರಾಣಿ ಆಕೆಗೆಂದು ಉರ್ದುವಿನಲ್ಲಿ ಕಾಗದ ಬರೆಯುತ್ತಿದ್ದರು. ತಂದೆತಾಯಿಗಳ ಮರಣ, ಮನೆಯ ಮಾರಾಟ, ಹೀಗೆ ಬಹಳ ದುಃಖದ ಸುದ್ದಿಗಳಿದ್ದ ಕೆಲವನ್ನು ಅಂಚೆಗೆ ಹಾಕದೆ ಇಟ್ಟುಕೊಂಡು, ಎಷ್ಟೋ ಕಾಲದ ಮೇಲೆ ಕೈಗಿತ್ತರು. ಜರೀನಾ 2004ರಲ್ಲಿ ಆ ಕೈಬರಹವನ್ನೇ ಅಚ್ಚಿಗಿಳಿಸಿ, ಅದರ ಮೇಲೆ ಮನೆಯ ನಕ್ಷೆಯ ದಪ್ಪ ಕಪ್ಪು ಗೆರೆಗಳನ್ನು ಒತ್ತಿದರು. ಗೆರೆ ಬಿದ್ದ ಕಡೆ, ಉರ್ದು ಬಲ್ಲವನಿಗೂ ಕಾಗದವನ್ನು ಓದಲಾಗುವುದಿಲ್ಲ.