ಸೂಜಿಯ ಜಾಡು ಹಿಡಿದು ತುಮಕೂರು ಸೀಮೆಯಲ್ಲಿ

ತುಮಕೂರಿನ ಮಂಡಿಪೇಟೆಯಲ್ಲಿ ಮೂಟೆಯ ಬಾಯಿ ಹೊಲಿಯಲು ದಬ್ಬಣ ಬೇಕು. ಮನೆಯಲ್ಲಿ ಅಂಗಿಯ ಗುಂಡಿ ಹಾಕಲು ಸೂಜಿ ಬೇಕು. ಕೆಲವೇ ರೂಪಾಯಿಗೆ ಸಿಗುವ ಈ ಸಲಕರಣೆಯ ಹಿಂದೆ ಸಾವಿರಾರು ವರ್ಷಗಳ ಕಥೆಯಿದೆ. ಅದರ ಕೆಲವು ಎಳೆಗಳು ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲೇ ಸಿಗುತ್ತವೆ.

ಮೊದಮೊದಲ ಸೂಜಿಗಳು ಮೂಳೆಯವು. ಸೈಬೀರಿಯದ ಡೆನಿಸೋವಾ ಗುಹೆಯಲ್ಲಿ ಸುಮಾರು 50,000 ವರ್ಷ ಹಿಂದಿನ ಮೂಳೆ ಸೂಜಿಯೊಂದು ದೊರೆತಿದೆ. ಸಿಂಧೂ ಕಣಿವೆಯ ಮೊಹೆಂಜೊದಾರೊದಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಳೆಯ ತಾಮ್ರದ ಸೂಜಿಗಳು ಸಿಕ್ಕಿವೆ. ಕರ್ನಾಟಕದಲ್ಲಿ ಕಬ್ಬಿಣದ ಬಳಕೆ ಸುಮಾರು 3,000 ವರ್ಷ ಹಿಂದೆಯೇ ಇತ್ತೆಂಬುದಕ್ಕೆ ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನ ಸಾಕ್ಷಿ. ಆದರೆ ಬಾಣದ ಮೊನೆ, ಕತ್ತಿ ಉಳಿದಂತೆ ಕಬ್ಬಿಣದ ಸೂಜಿ ಉಳಿಯುವುದು ಅಪರೂಪ. ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟಿದರೂ ಒಳಗಿನ ಲೋಹ ಬಹುಕಾಲ ಇರುತ್ತದೆ. ತೆಳ್ಳನೆಯ ಕಬ್ಬಿಣವನ್ನು ತುಕ್ಕು ಪೂರ್ತಿ ತಿಂದುಬಿಡುತ್ತದೆ.

ಹಾಗಾದರೆ ಈ ಸೀಮೆಯ ಹಳೆಯ ಕಬ್ಬಿಣದ ಸುಳಿವು ಎಲ್ಲಿದೆ? ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿಗೆ ಹೋಗಬೇಕು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದನ್ನು ದೊಡ್ಡ ವ್ಯಾಪಾರ ಕೇಂದ್ರವೆಂದು ಬರೆದಿಟ್ಟಿದ್ದಾನೆ. ಇದೇ ತಾಲ್ಲೂಕಿನ ಹಾಗಲವಾಡಿ ಕಡೆಯ ಗುಡ್ಡದ ಅದಿರಿನಿಂದ ಕಬ್ಬಿಣ ತೆಗೆಯುತ್ತಿದ್ದುದನ್ನೂ, ಮಧುಗಿರಿ ಕಡೆಯವರು ಮಳೆಗಾಲದ ಹಳ್ಳಗಳು ಹೊತ್ತು ತಂದ ಕಪ್ಪು ಮರಳನ್ನು ಕರಗಿಸುತ್ತಿದ್ದುದನ್ನೂ ದಾಖಲಿಸಿದ್ದಾನೆ. ಮಣ್ಣಿನ ಕುಲುಮೆ, ಇದ್ದಿಲು, ತಿದಿ: ಇಷ್ಟೇ ಬಂಡವಾಳ. ಕಬ್ಬಿಣವನ್ನು ಬಡಿದು ತಂತಿಯಾಗಿಸಿ, ಒಂದು ತುದಿಯನ್ನು ಚಪ್ಪಟೆ ಮಾಡಿ ಕಣ್ಣು ಕೊರೆದು, ಇನ್ನೊಂದು ತುದಿಯನ್ನು ಕಲ್ಲಿಗೆ ಉಜ್ಜಿ ಮೊನೆ ಮಾಡಿದರೆ ಸೂಜಿ.

ತುಮಕೂರಿನ ದಕ್ಷಿಣದ ಕುಣಿಗಲ್ಲಿನಲ್ಲಿ ಸಿಗುವ ಎಳೆ ಲೋಹದ್ದಲ್ಲ, ಮಾತಿನದು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಒಬ್ಬರು. ಅವರ ಕಾಯಕ ಯಾವುದೆಂದು ಹೆಸರೇ ಹೇಳುತ್ತದೆ. ಮುಂದೆ ವಚನಗಳನ್ನು ಸಂಗ್ರಹಿಸಿ ಉಳಿಸಿದವರಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಶಿಷ್ಯಪರಂಪರೆ ಮುಖ್ಯವಾದುದು. ಆ ಯತಿಗಳ ಗದ್ದುಗೆ ಇರುವುದು ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ. ಇದೇ ಪರಂಪರೆಯಲ್ಲಿ ಶೂನ್ಯಸಂಪಾದನೆಯನ್ನು ಸಂಕಲಿಸಿದ ಸಿದ್ಧವೀರಣ್ಣೊಡೆಯರು ತುಮಕೂರಿನ ಪಕ್ಕದ ಗೂಳೂರಿನವರು. ಕಬ್ಬಿಣದ ಸೂಜಿ ಮಣ್ಣುಪಾಲಾದರೂ ಸೂಜಿಯವರ ಹೆಸರು ಓಲೆಗರಿಯಲ್ಲಿ ಉಳಿಯಿತು.

ಹೊಲ ಉಳುವಾಗಲೋ ಪಾಯ ತೋಡುವಾಗಲೋ ತುಕ್ಕು ಹಿಡಿದ ಹಳೆಯ ಲೋಹದ ಚೂರು ಕಂಡರೆ ಮಕ್ಕಳು ಅದನ್ನು ಕೆರೆದು ಹೊಳಪು ಮಾಡಲು ಹೋಗುತ್ತಾರೆ. ಅದು ಸೂಜಿಯೋ ಬರೀ ಕಡ್ಡಿಯೋ ಎಂದು ಹೇಳುವುದು ಅದರ ಕಣ್ಣು. ತುಕ್ಕಿನಿಂದ ಮುಚ್ಚಿಹೋದ ಕಣ್ಣನ್ನು ತಜ್ಞರು ಎಕ್ಸ್‌ರೇಯಿಂದ ಗುರುತಿಸಬಲ್ಲರು. ಕೆರೆದರೆ ಕಣ್ಣೂ ಹೋಗುತ್ತದೆ, ಕಥೆಯೂ ಹೋಗುತ್ತದೆ. ಸಿಕ್ಕ ಜಾಗವನ್ನು ಬರೆದಿಟ್ಟುಕೊಂಡು, ಶಾಲೆಯ ಮೇಷ್ಟರ ಮೂಲಕ ಪುರಾತತ್ವ ಇಲಾಖೆಗೆ ತಿಳಿಸುವುದು ಒಳ್ಳೆಯದು. ಕೋಟೆ ಕೊತ್ತಲಗಳ ಇತಿಹಾಸ ಬರೆಯಲು ಶಾಸನಗಳಿವೆ. ಬಟ್ಟೆ ಹೊಲಿದವರ ಇತಿಹಾಸಕ್ಕೆ ಇಂಥ ಚೂರುಗಳೇ ಆಧಾರ.